ಉರುಟುಕಲ್ಲಿನ ದಿಬ್ಬ ಮತ್ತು ಸಿ ಲೈನಿನ ಬೀಗ

ಕೊರೊನಾ ಮುಗಿದು ಎರಡನೇ ಚಳಿಗಾಲ. ನಾನು ಆಗಲೂ ಈಗಲೂ ಕುವೈತಿನಲ್ಲಿ, ಅಬು ಹಲೀಫಾದಿಂದ ಶುಐಬಾಕ್ಕೆ ಹೋಗುವ ದಾರಿಯಲ್ಲಿ ಕಡಲಿಗೆ ತಾಗಿಕೊಂಡಿದ್ದ ಒಂದು ಲೇಬರ್ ಕ್ಯಾಂಪಿನ ಮೆಸ್ಸಿನಲ್ಲಿ ಅಡುಗೆಯವಳು. ಅದಕ್ಕೂ ಮೊದಲು ಫರ್ವಾನಿಯಾದ ಒಂದು ಮನೆಯಲ್ಲಿ ಕೆಲಸಕ್ಕಿದ್ದೆ. ಆ ಮನೆಯವರು ಬಿಟ್ಟ ಮೇಲೆ ಮೆಸ್ಸಿಗೆ ಬಂದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬರೆಯುವುದು ನನ್ನ ಕೆಲಸ ಅಲ್ಲ. ಆದರೆ ಆ ದಿನದ ಬಗ್ಗೆ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಎದುರಿಗೆ ನಿಂತು ನೋಡಿದವಳು ನಾನು. ಅದಕ್ಕೆ ಬರೆಯುತ್ತಿದ್ದೇನೆ.

ಕ್ಯಾಂಪ್ ಇದ್ದದ್ದು ತಗ್ಗಿನಲ್ಲಿ. ಹಿಂದೆ ಅದೆಲ್ಲ ಉಪ್ಪುನೀರು ನಿಲ್ಲುವ ಜಾಗವಂತೆ. ಕಡಲಿಗೂ ನಮಗೂ ನಡುವೆ ಇದ್ದದ್ದು ಉರುಟುಕಲ್ಲಿನ ದಿಬ್ಬ ಒಂದೇ. ಮರುಭೂಮಿ ಕಡೆಯಿಂದ ಲಾರಿಯಲ್ಲಿ ತಂದು ಸುರಿದ ಕಲ್ಲು, ಮುಷ್ಟಿಯಷ್ಟು ದೊಡ್ಡದು, ಕೆಲವು ಮೊಟ್ಟೆಯಷ್ಟು. ಅದಕ್ಕೆ ಶಿಂಗಲ್ ಅನ್ನುತ್ತಾರೆ. ನನ್ನ ಊರು ಉಚ್ಚಿಲ. ನಮ್ಮಲ್ಲಿ ಕಡಲ್ಕೊರೆತಕ್ಕೆ ಆನೆಯಷ್ಟು ದೊಡ್ಡ ಕರಿಕಲ್ಲು ತಂದು ಹಾಕುವುದು. ಇಲ್ಲಿಯ ಕಲ್ಲು ನೋಡಿ ನನಗೆ ನಗೆ ಬಂದಿತ್ತು. ದಿಬ್ಬ ನೋಡಿಕೊಳ್ಳುವ ಎಂಜಿನಿಯರ್ ಲವೀನಾ ಬಾಯಿ, ಮಂಗಳೂರಿನ ಕೊಂಕಣಿ ಹುಡುಗಿ. ಚಹಾಕ್ಕೆ ಮೆಸ್ಸಿಗೆ ಬಂದಾಗ ಕೇಳಿದೆ. ಅವಳು ಬೇಜಾರಿಲ್ಲದೆ ಹೇಳಿದಳು: "ದೊಡ್ಡ ಕಲ್ಲು ಅಲೆಯನ್ನು ತಿರುಗಿ ಹೊಡೆಯುತ್ತದೆ. ಸಣ್ಣ ಕಲ್ಲು ಸಡಿಲವಾಗಿ ಇರುತ್ತದಲ್ಲ, ಅಲೆ ಅದರ ಸಂದಿಯಲ್ಲಿ ಇಳಿದು ಸಾಯುತ್ತದೆ. ಕಲ್ಲು ಅತ್ತಿತ್ತ ಹೊರಳಲಿ, ಪರವಾಗಿಲ್ಲ. ಮೇಲ್ಭಾಗ ಅಗಲ ಇರಬೇಕು, ಎಲ್ಲಿಯೂ ತಗ್ಗು ಬೀಳಬಾರದು. ಎಲ್ಲಿ ತಗ್ಗೋ ಇಡೀ ದಿಬ್ಬದ ಎತ್ತರ ಅಷ್ಟೇ."

ಆ ತಗ್ಗು ಬೀಳದ ಹಾಗೆ ನೋಡಿಕೊಳ್ಳುವುದು ಹಮೀದನ ಕೆಲಸ. ಹಮೀದ ಉಳ್ಳಾಲದ ಬ್ಯಾರಿ, ಲೋಡರ್ ಓಡಿಸುವವನು. ಗಾಳಿಯೆದ್ದ ಮರುದಿನ ಕಡಲು ಎಳೆದುಕೊಂಡು ಹೋದ ಕಲ್ಲನ್ನು ಬಕೆಟ್ಟಿನಲ್ಲಿ ತಂದು ಮೇಲೆ ಹರಡುತ್ತಿದ್ದ. ರೀಪ್ರೊಫೈಲಿಂಗ್ ಅಂತ ಅದಕ್ಕೊಂದು ದೊಡ್ಡ ಹೆಸರು. ಅವನು ಹೇಳುವುದು ಮಾತ್ರ, "ಅಕ್ಕ, ಕಡಲಿನ ಹಾಸಿಗೆ ಸರಿಮಾಡಿ ಬಂದೆ, ಒಂದು ಪರೋಟ ಜಾಸ್ತಿ ಹಾಕಿ."

ಇನ್ನು ಬೀಗದ ವಿಷಯ. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ.

ನಮ್ಮ ಕ್ಯಾಂಪಿನವರು ಶುಐಬಾದ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು. ಅರ್ಧ ಜನ ಹಗಲು ಪಾಳಿ, ಅರ್ಧ ಜನ ರಾತ್ರಿ ಪಾಳಿ. ರಾತ್ರಿಯವರು ಬೆಳಿಗ್ಗೆ ಬಂದು, ತಿಂದು, ಮಲಗಬೇಕು. ಕ್ಯಾಂಪ್ ಬಾಸ್ ಶೇಖರಣ್ಣ ಅವರನ್ನು ಮಲಗಲು ಬಿಡುತ್ತಿರಲಿಲ್ಲ. ಅವನೂ ನಮ್ಮ ಕಡೆಯವನೇ, ಕಾರ್ಕಳದ ಹತ್ತಿರದವನು. ಸೈಟಿನಲ್ಲಿ ಆಳು ಕಡಿಮೆ ಬಿತ್ತು ಅಂತ ಫೋನ್ ಬಂದರೆ ನೇರ ಹೋಗಿ ಬಾಗಿಲು ಬಡಿಯುತ್ತಿದ್ದ. "ಯಲ್ಲಾ, ಯಲ್ಲಾ, ಎದ್ದೇಳು, ಅರ್ಧ ದಿನದ ಕೆಲಸ." ನಿದ್ದೆಗಣ್ಣಿನಲ್ಲಿ ಹೋದ ಒಬ್ಬ ಸ್ಕಾಫೋಲ್ಡಿಂಗಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಹುಡುಗರು ಒಂದು ಉಪಾಯ ಮಾಡಿದರು. ಹಗಲು ಪಾಳಿಗೆ ಹೋಗುವ ಜೊತೆಗಾರ ಬೆಳಿಗ್ಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿ ಕೀಲಿ ತೆಗೆದುಕೊಂಡು ಹೋಗುವುದು. ಬೀಗ ನೋಡಿ ಶೇಖರಣ್ಣ ಒಳಗೆ ಯಾರೂ ಇಲ್ಲ ಅಂತ ವಾಪಸು ಹೋಗುತ್ತಿದ್ದ. ಎಲ್ಲಿ ಅಂತ ಕೇಳಿದರೆ, "ಫಹಾಹೀಲ್ ಪೇಟೆಗೆ ಹೋದ" ಅನ್ನುವುದು. ಬೀಗ ಅವರವರದೇ, ಫರ್ವಾನಿಯಾದ ಅಂಗಡಿಯಲ್ಲಿ ತಂದದ್ದು. ಇನ್ನೊಂದು ಕೀಲಿ ಯಾರ ಹತ್ತಿರವೂ ಇಲ್ಲ. ಕ್ಯಾಂಪಿಗೆಲ್ಲ ಗೊತ್ತಿತ್ತು. ಶೇಖರಣ್ಣನಿಗೆ ಮಾತ್ರ ಗೊತ್ತಿರಲಿಲ್ಲ.

ಎಲ್ಲರಿಗಿಂತ ಮೊದಲು ಹೀಗೆ ಬೀಗ ಹಾಕಿದವನು ದಿನೇಶ. ಅವನ ಜೊತೆಗಾರ ಸುಂದರ ರಾತ್ರಿ ಪಾಳಿ. ಇಬ್ಬರೂ ಕಾಪು ಕಡೆಯವರು, ಒಂದೇ ಕೋಣೆಯಲ್ಲಿ ಇದ್ದೂ ವಾರಕ್ಕೊಮ್ಮೆ ಕೂತು ಮಾತಾಡುವವರು. ಸುಂದರ ಬೆಳಿಗ್ಗೆ ಬಂದು ಅನ್ನದ ಪಾತ್ರೆಯ ತಳ ಕೆರೆದ ಸೀದಲು ಕೇಳುವುದು. "ದೊಡ್ಡಮ್ಮ, ಬೇರೆಯವರಿಗೆ ಬೇಡದ್ದು ಕೊಡಿ." ಒಂದು ದಿನವೂ ಚೆನ್ನಾಗಿದೆ ಅಂತ ಹೇಳಿದವನಲ್ಲ. ಅದೇ ಸಾಲಿನ ಜಯಕರ ಅದಕ್ಕಿಂತ ಕಷ್ಟ. ಸಾಂಬಾರಿಗೆ ಉಪ್ಪಿಲ್ಲ ಅಂತ ದಿನಾ ತಕರಾರು. ಅವನು ಉಪ್ಪಿಲ್ಲ ಅಂದ ದಿನ ನಾನು ಬೇಕಂತಲೇ ಇನ್ನೂ ಕಡಿಮೆ ಹಾಕುತ್ತಿದ್ದೆ.

ಈ ಇಬ್ಬರ ಕೋಣೆಯೂ ಸಿ ಲೈನಿನಲ್ಲಿ. ಕ್ಯಾಂಪಿನಲ್ಲಿ ಕಡಲಿಗೆ ಎಲ್ಲಕ್ಕಿಂತ ಹತ್ತಿರದ ಸಾಲು ಅದು. ಬಾಗಿಲು ಕಡಲ ಕಡೆಗೆ, ಹೊರಗೆ ತೆರೆಯುವ ಕಬ್ಬಿಣದ ಬಾಗಿಲು. ಕಿಟಕಿಗೆ ಸರಳು. ಹಿಂದಿನ ಗೋಡೆಯಲ್ಲಿ ಎಸಿ ಕೂರಿಸಿದ ತೂತು, ಕಳ್ಳರು ಎಸಿ ಕೀಳದ ಹಾಗೆ ಅದಕ್ಕೂ ಹೊರಗಿನಿಂದ ಕಬ್ಬಿಣದ ಗೂಡು.

ಆ ವರ್ಷ ನಮ್ಮ ಕಫೀಲ, ಅಂದರೆ ನಮಗೆಲ್ಲ ವೀಸಾ ಕೊಟ್ಟ ಅರಬಿ ಯಜಮಾನ, ಅವನ ಅಳಿಯ ಒಂದು ಬೋಟ್ ತಂದ. ಅದನ್ನು ಕಡಲಿಗೆ ಇಳಿಸಲು ಜೀಪ್ ಹೋಗುವಷ್ಟು ಅಗಲಕ್ಕೆ ದಿಬ್ಬದಲ್ಲಿ ಓಣಿ ಕಡಿಸಿದ. ಸಿ ಲೈನಿನ ಕೊನೆಯ ಕೋಣೆಗೆ ಸರಿಯಾಗಿ ಎದುರು. ಕೊನೆಯ ಕೋಣೆ ಸುಂದರನದು. ಲವೀನಾ ಬಾಯಿ ಬಂದು ನೋಡಿ ಕೆಂಪಾದಳು.

"ಶೇಖರ್, ಬೋಟ್ ಇಳಿದ ಮೇಲೆ ಈ ಓಣಿ ಯಾಕೆ ತೆರೆದಿದೆ?"

"ಶುಕ್ರವಾರ ಪುನಃ ಬರ್ತಾರೆ ಮೇಡಂ."

"ಶುಕ್ರವಾರ ಪುನಃ ಕಡಿಯಿರಿ. ಇವತ್ತು ಮುಚ್ಚಿ."

"ಅದನ್ನು ಅಳಿಯನಿಗೆ ನೀವೇ ಹೇಳಿ. ನನ್ನ ಇಕಾಮಾ ಅವನ ಮಾವನ ಕೈಯಲ್ಲಿದೆ."

ಇಕಾಮಾ ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ. ಅವಳು ಅಳಿಯನಿಗೆ ಹೇಳಿದಳು ಕೂಡ. ಮುಚ್ಚುತ್ತೇವೆ ಅಂತ ಉತ್ತರ ಬಂತು. ಹಮೀದ ಎರಡು ಸಲ ಮುಚ್ಚಿದ, ಎರಡು ಸಲವೂ ಅಳಿಯನ ಡ್ರೈವರ್ ಬಾಡಿಗೆ ಯಂತ್ರ ತಂದು ಬಿಡಿಸಿದ. ಮೂರನೇ ಸಲ ಮುಚ್ಚಲು ಹೊರಟಾಗ ಶೇಖರಣ್ಣ ಲೋಡರಿನ ಚಾವಿಯನ್ನೇ ಕಿತ್ತುಕೊಂಡ. ಆ ಮೇಲೆ ಓಣಿ ಹಾಗೆಯೇ ಉಳಿಯಿತು.

ಚಳಿಗಾಲದಲ್ಲಿ ಇಲ್ಲಿ ತೆಂಕುಮೂಡಣದಿಂದ ಒಂದು ಗಾಳಿ ಬರುತ್ತದೆ. ಕೌಸ್ ಅನ್ನುತ್ತಾರೆ. ಆ ವಾರ ಎರಡು ದಿನ ಬಿಡದೆ ಬೀಸಿತು, ಜೊತೆಗೆ ಮಳೆ. ಕುವೈತಿನ ಮಳೆ ಅಂದರೆ ರಸ್ತೆಯೇ ಹೊಳೆ. ಹುಣ್ಣಿಮೆಯ ಆಚೀಚೆ ಆದ್ದರಿಂದ ಕಡಲಿನ ಭರತವೂ ದೊಡ್ಡದಿತ್ತು. ಮೂರನೇ ದಿನ ಬೆಳಿಗ್ಗೆ ರಾತ್ರಿಯವರು ಬಂದು ಮಲಗಿದರು, ಬಾಗಿಲಿಗೆ ಬೀಗ ಬಿತ್ತು, ಹಗಲು ಪಾಳಿಯ ಬಸ್ಸು ಹೇಗೋ ಹೋಯಿತು. ನಾನು ಮಧ್ಯಾಹ್ನದ ಅನ್ನಕ್ಕೆ ನೀರಿಡುತ್ತಿದ್ದೆ.

ಮೊದಲು ಕೇಳಿದ್ದು ಕಲ್ಲಿನ ಶಬ್ದ. ಅಲೆ ಎಳೆಯುವಾಗ ದಿಬ್ಬದ ಕಲ್ಲು ಗರಗರ ಅನ್ನುವುದು ನಮಗೆಲ್ಲ ಅಭ್ಯಾಸ. ಇದು ಹಾಗಲ್ಲ. ಯಾರೋ ಟಿಪ್ಪರಿನಿಂದ ಕಲ್ಲು ಸುರಿದು ಸುರಿದು ಮುಗಿಸುತ್ತಲೇ ಇಲ್ಲದ ಹಾಗೆ. ಹೊರಗೆ ಬಂದು ನೋಡಿದರೆ ಓಣಿಯೊಳಗಿನಿಂದ ಕಡಲು ನುಗ್ಗುತ್ತಿತ್ತು. ಉಳಿದ ಕಡೆ ದಿಬ್ಬ ಅಲೆಯನ್ನು ತಿನ್ನುತ್ತಿತ್ತು, ಲವೀನಾ ಬಾಯಿ ಹೇಳಿದ ಹಾಗೆಯೇ. ಓಣಿಯಲ್ಲಿ ಮಾತ್ರ ಅಲೆ ಇಕ್ಕೆಲದ ಕಲ್ಲನ್ನೂ ಕಿತ್ತುಕೊಂಡು ಒಳಗೆ ಎಸೆಯುತ್ತಿತ್ತು. ಮುಷ್ಟಿಗಲ್ಲು ಕಬ್ಬಿಣದ ಬಾಗಿಲಿಗೆ ಬಂದು ಹೊಡೆಯುತ್ತಿತ್ತು, ಕಿಟಕಿ ಗಾಜು ಪುಡಿ. ನಮ್ಮನ್ನು ಕಾಯಲು ತಂದ ಕಲ್ಲಿನಲ್ಲೇ ನಮಗೆ ಪೆಟ್ಟು. ಬಟ್ಟೆ ತೆಗೆಯಲು ಓಡಿದ ಒಬ್ಬ ನೇಪಾಳಿಯ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು.

ಸಿ ಲೈನಿನ ಎದುರು ಕಲ್ಲು ಬಂದು ರಾಶಿಬಿತ್ತು. ಬಾಗಿಲಿನ ಅರ್ಧಕ್ಕೆ. ಬೀಗ ಒಡೆದರೂ ಬಾಗಿಲು ಹೊರಗೆ ತೆರೆಯುವ ಹಾಗಿರಲಿಲ್ಲ. ಒಳಗಿನಿಂದ ಬಡಿಯುವ ಶಬ್ದ ಕೇಳಿತು. ಆ ದಿನ ಮೂರು ಕೋಣೆಗಳಲ್ಲಿ ಜನ ಇದ್ದರು.

ಮೆಸ್ಸಿನಲ್ಲಿ ನನ್ನ ಜೊತೆ ರೊಟ್ಟಿ ಮಾಡುತ್ತಿದ್ದವನು ಸಯ್ಯದ್, ಈಜಿಪ್ಟಿನವನು, ಗೂಳಿಯಂಥ ಆಳು. "ಹಿಂದಿನಿಂದ, ಎಸಿ ತೂತಿನಿಂದ," ಅಂದೆ. ಅವನಿಗೆ ನನ್ನ ಹಿಂದಿ ಅರ್ಧ ಅರ್ಥ, ನನಗೆ ಅವನ ಅರಬಿ ಅರ್ಧ ಅರ್ಥ. ಅಷ್ಟು ಸಾಕಾಯಿತು. ಖಾಲಿ ಗ್ಯಾಸ್ ಸಿಲಿಂಡರ್ ಒಂದನ್ನು ಅವನು ಒಂದು ಕಡೆ, ನಾನು ಒಂದು ಕಡೆ ಹಿಡಿದು ಸಾಲಿನ ಹಿಂದೆ ಹೋದೆವು. ಮೊಣಕಾಲಿನವರೆಗೆ ನೀರು. ಮೊದಲ ಕೋಣೆಯ ಎಸಿ ಗೂಡಿಗೆ ಸಿಲಿಂಡರ್ ಬೀಸಿ ಹೊಡೆದೆವು. ನಾಲ್ಕೈದು ಏಟಿಗೆ ಗೂಡು ಬಾಗಿತು, ಎಸಿ ಒಳಗೆ ಬಿತ್ತು. ಆ ತೂತಿನಿಂದ ಇಬ್ಬರು ಇಲಿಗಳ ಹಾಗೆ ಹೊರಗೆ ಬಂದರು, ಮೈಯೆಲ್ಲ ತರಚಿಕೊಂಡು.

ಎರಡನೆಯದು ಜಯಕರನ ಕೋಣೆ. ದೂರ ನಿಲ್ಲು ಅಂತ ಕೂಗಿದೆ. ಅವನು ದೂರ ನಿಲ್ಲಲಿಲ್ಲ, ಒಳಗಿನಿಂದ ಎಸಿಯನ್ನು ದೂಡುತ್ತಿದ್ದ. ನಾವು ಹೊಡೆದ ಏಟಿಗೆ ಎಸಿ ಅವನ ಕಾಲಿನ ಮೇಲೆ ಬಿತ್ತು. ಮೂಳೆ ಮುರಿದ ಶಬ್ದ ಗಾಳಿಯಲ್ಲೂ ಕೇಳಿತು. ಸಯ್ಯದ್ ಅವನ ಎರಡು ಕೈ ಹಿಡಿದು ಎಳೆದ. ಅವನು ನನ್ನ ಅಮ್ಮನಿಂದ ಹಿಡಿದು ನನ್ನ ಏಳು ತಲೆಮಾರಿಗೆ ಬೈದ. ಬೈಯುವಷ್ಟು ಉಸಿರು ಇದೆಯಲ್ಲ, ಸಾಯುವುದಿಲ್ಲ ಅಂತ ಅವನನ್ನು ಮೊದಲ ಕೋಣೆಯವರ ಹೆಗಲಿಗೆ ಹಾಕಿ ಮುಂದೆ ಹೋದೆವು.

ಕೊನೆಯ ಕೋಣೆಯ ಹಿಂದೆ ಮಳೆನೀರಿನ ಚರಂಡಿ. ಓಣಿಯಿಂದ ನುಗ್ಗಿದ ನೀರೆಲ್ಲ ಆ ಮೂಲೆ ಸುತ್ತಿ ಬಂದು ಅಲ್ಲಿಗೇ ಬೀಳುತ್ತಿತ್ತು. ಎರಡು ಹೆಜ್ಜೆ ಇಟ್ಟೆ, ಎದೆಯವರೆಗೆ ಬಂತು. ಕಾಲು ನಿಲ್ಲಲಿಲ್ಲ. ಸಿಲಿಂಡರ್ ಖಾಲಿಯಲ್ಲವಾ, ಕೈಯಿಂದ ಜಾರಿ ತೇಲಿಕೊಂಡು ಹೋಯಿತು. ಸಯ್ಯದ್ ನನ್ನ ಸೀರೆಯ ಸೆರಗು ಹಿಡಿದು ದಡಕ್ಕೆ ಎಳೆಯದಿದ್ದರೆ ನಾನೂ ಅದರ ಹಿಂದೆಯೇ.

ಒಳಗಿನಿಂದ ಸುಂದರನ ದನಿ. "ದೊಡ್ಡಮ್ಮ, ನೀರು ಮಂಚದ ಮೇಲೆ ಬಂತು. ಕಲ್ಲು ಬರ್ತಾ ಉಂಟು ಕಿಟಕಿಯಿಂದ."

"ಮೇಲಿನ ಮಂಚ ಹತ್ತು," ಅಂದೆ.

"ಅದರ ಮೇಲೇ ನಿಂತಿದ್ದೇನೆ."

ಓಣಿ ಮುಚ್ಚದೆ ಅವನ ಹತ್ತಿರ ಹೋಗುವಂತಿರಲಿಲ್ಲ. ನಾನು ಓಣಿಯ ಕಡೆಗೆ ಓಡಿದೆ. ಅನ್ನ ಮಗುಚುವ ಕಬ್ಬಿಣದ ಸಟ್ಟುಗ ಆಗಲೂ ನನ್ನ ಸೊಂಟದಲ್ಲೇ ಸಿಕ್ಕಿಕೊಂಡಿತ್ತು.

ಅಲ್ಲಿ ಹಮೀದ ಲೋಡರಿನ ಮೇಲೆ ಕೂತಿದ್ದ. ಅವನ ಹತ್ತಿರ ಇನ್ನೊಂದು ಚಾವಿ ಇತ್ತು ಅಂತ ಆಗ ಗೊತ್ತಾಯಿತು. ಬಕೆಟ್ ತುಂಬ ಕಲ್ಲು. ಎದುರಿಗೆ ಶೇಖರಣ್ಣ ಎರಡು ಕೈ ಅಗಲಿಸಿ ನಿಂತಿದ್ದ. ಯಾಕೆಂದರೆ ಓಣಿಯ ಬಾಯಿಯಲ್ಲಿ ಅಳಿಯನ ಜೀಪ್ ಸಿಕ್ಕಿಹಾಕಿಕೊಂಡಿತ್ತು. ಬೋಟನ್ನು ಮೇಲೆ ತರಲು ಬಂದ ಡ್ರೈವರ್ ಜೀಪನ್ನು ಅಲ್ಲೇ ಬಿಟ್ಟು ಓಡಿಹೋಗಿದ್ದ. ಬೋಟ್ ಎಲ್ಲೋ ಚೂರಾಗಿತ್ತು. ಅಲೆ ಜೀಪನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು.

"ಅಣ್ಣ, ಸರಿಯಿರಿ," ಅಂದ ಹಮೀದ.

"ಜೀಪಿನ ಮೇಲೆ ಕಲ್ಲು ಹಾಕಿದರೆ ನೀನೂ ಖಲಾಸ್, ನಾನೂ ಖಲಾಸ್. ಕ್ರೇನ್ ಬರ್ತದೆ. ತಡಿ."

"ರಸ್ತೆಯೇ ಇಲ್ಲ, ಕ್ರೇನ್ ಈಜಿಕೊಂಡು ಬರ್ತದಾ?"

ನಾನು ಹೇಳಿದೆ, "ಶೇಖರಣ್ಣ, ಕೊನೆಯ ಕೋಣೆಯಲ್ಲಿ ಸುಂದರ ಇದ್ದಾನೆ. ಮುಳುಗುತ್ತಿದ್ದಾನೆ."

ಅವನು ನನ್ನ ಮುಖ ನೋಡಿದ. "ಬೀಗ ಹಾಕಿದೆ. ಬೆಳಿಗ್ಗೆ ನಾನೇ ನೋಡಿದ್ದೇನೆ. ಸುಂದರ ಫಹಾಹೀಲಿಗೆ ಹೋಗಿದ್ದಾನಂತೆ, ನಿಮ್ಮ ಮೆಸ್ಸಿನವರೇ ಹೇಳಿದ್ದು. ಹಮೀದನಿಗೋಸ್ಕರ ಸುಳ್ಳು ಹೇಳಬೇಡಿ ದೊಡ್ಡಮ್ಮ."

ಅವನು ನಾಟಕ ಮಾಡುತ್ತಿರಲಿಲ್ಲ. ನಂಬಿಯೇ ಇದ್ದ. ಬೀಗದ ಉಪಾಯ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಖಾಲಿ ಕೋಣೆಗಳಿಗಾಗಿ ಕಫೀಲನ ಮನೆಯ ಜೀಪ್ ಹೂಳಬೇಕಾ ಅನ್ನುವುದು ಅವನ ಲೆಕ್ಕ. ಬಿಡಿಸಿ ಹೇಳಲು ಹೊತ್ತು ಬೇಕು, ಹೊತ್ತು ಎಲ್ಲಿತ್ತು.

ಹಮೀದನ ಫೋನಿನಲ್ಲಿ ಲವೀನಾ ಬಾಯಿ ಇದ್ದಳು. ರಸ್ತೆ ಮುಳುಗಿ ಅವಳು ಪೇಟೆಯಲ್ಲೇ ಸಿಕ್ಕಿಬಿದ್ದಿದ್ದಳು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. "ಹಮೀದ್," ಅಂದಳು, "ಜೀಪ್ ಸಮೇತ ಮುಚ್ಚು. ಹೇಳಿದ್ದು ನಾನು ಅಂತ ಬರೆದುಕೊಡುತ್ತೇನೆ."

ಹಮೀದ ಗೇರ್ ಹಾಕಿದ. ಶೇಖರಣ್ಣ ಲೋಡರಿನ ಮೆಟ್ಟಿಲಿಗೆ ಹಾರಿ ಅವನ ಕುತ್ತಿಗೆಗೆ ಕೈ ಹಾಕಿದ. ಹಮೀದ ಮೊಣಕೈಯಲ್ಲಿ ಗುದ್ದಿದ, ಶೇಖರಣ್ಣನ ಬಾಯಿಯಿಂದ ರಕ್ತ ಬಂತು, ಆದರೂ ಬಿಡಲಿಲ್ಲ. ಲೋಡರ್ ವಾಲಿಕೊಂಡು ಅಲೆಯ ಕಡೆಗೇ ತಿರುಗಿತು. ನಾನು ಹಿಂದಿನಿಂದ ಹೋಗಿ ಸಟ್ಟುಗದಲ್ಲಿ ಶೇಖರಣ್ಣನ ಮಣಿಕಟ್ಟಿಗೆ ಹೊಡೆದೆ. ಬಿಡಲಿಲ್ಲ. ಇನ್ನೊಂದು ಹೊಡೆದೆ, ತಲೆಗೆ. ಚೀಲ ಬಿದ್ದ ಹಾಗೆ ಬಿದ್ದ. ಸಯ್ಯದ್ ಅವನ ಕಾಲು ಹಿಡಿದು ಚಕ್ರದ ದಾರಿಯಿಂದ ಎಳೆದು ಹಾಕಿದ.

ಆಮೇಲೆ ಹಮೀದ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಬಕೆಟ್ಟಿನಲ್ಲಿ ಜೀಪನ್ನು ದೂಡಿ ಓಣಿಗೆ ಅಡ್ಡ ಮಗುಚಿದ. ಅದರ ಗಾಜು ಒಡೆಯಿತು, ಬಾಗಿಲು ಒಳಗೆ ಹೋಯಿತು. ಅದರ ಮೇಲೆ ಕಲ್ಲು ಸುರಿದ. ಹಿಂದೆ ಹೋದ, ತುಂಬಿದ, ಬಂದ, ಸುರಿದ. ಅಲೆ ಎಳೆಯುತ್ತಿತ್ತು, ಇವನು ಹಾಕುತ್ತಿದ್ದ. ಕಲ್ಲು ಹಾರಿಬಂದು ಕ್ಯಾಬಿನಿನ ಗಾಜು ಒಡೆದು ಅವನ ಕೆನ್ನೆ ಸೀಳಿತು. ಒರೆಸಿಕೊಳ್ಳಲೂ ಕೈ ಬಿಡಲಿಲ್ಲ. ಜೀಪು ಹೊಟ್ಟೆಯಲ್ಲಿ ಕಲ್ಲು ತುಂಬಿಕೊಂಡು ಗಟ್ಟಿಯಾಗಿ ಕೂತಿತು, ಅದಕ್ಕೆ ಆತುಕೊಂಡು ದಿಬ್ಬ ಎದ್ದಿತು. ನುಗ್ಗುವ ನೀರು ಮೊದಲು ತೆಳುವಾಯಿತು, ಮತ್ತೆ ನಿಂತಿತು.

ನಾವು ಕೊನೆಯ ಕೋಣೆಯ ಹಿಂದಕ್ಕೆ ಹೋದೆವು. ಚರಂಡಿಯ ನೀರು ಇಳಿಯುತ್ತಿತ್ತು. ಬೇರೆ ಸಿಲಿಂಡರ್ ತಂದು ಗೂಡು ಒಡೆದೆವು. ಕೂಗಿದೆ, ಉತ್ತರ ಇಲ್ಲ. ಎಸಿ ಬಿದ್ದ ತೂತಿನಿಂದ ನಾನೇ ತಲೆ ಹಾಕಿದೆ, ಸಯ್ಯದಿನ ಹೆಗಲು ಅದರಲ್ಲಿ ಹೋಗುತ್ತಿರಲಿಲ್ಲ. ಕೋಣೆಯಲ್ಲಿ ಅರ್ಧಕ್ಕೆ ಕಲ್ಲು. ಎರಡಂತಸ್ತಿನ ಮಂಚ ಮಗುಚಿ ಬಿದ್ದಿತ್ತು. ಸುಂದರ ಅದರ ಅಡಿಯಲ್ಲಿದ್ದ, ಎದೆಯವರೆಗೆ ಕಲ್ಲಿನಲ್ಲಿ ಹೂತು. ಹಣೆಯ ಒಂದು ಬದಿ ಇರಲಿಲ್ಲ. ಹೆಣ ನೋಡಿ ಗೊತ್ತಿಲ್ಲದವಳಲ್ಲ ನಾನು. ಕೈಯಲ್ಲಿ ಒಂದೊಂದೇ ಕಲ್ಲು ತೆಗೆದು ಬಿಡಿಸಿದೆವು.

ಸಂಜೆ ರಸ್ತೆಯ ನೀರಿಳಿದ ಮೇಲೆ ಬಸ್ಸು ಬಂತು. ದಿನೇಶ ಇಳಿದು ಸಾಲಿನ ಕಡೆ ನೋಡಿ, ಜನ ನೋಡಿ, ಓಡಿಬಂದ. ಓಡುವಾಗಲೇ ಜೇಬಿನಿಂದ ಕೀಲಿ ತೆಗೆದಿದ್ದ. ಬಾಗಿಲಿನ ಎದುರು ಕಲ್ಲಿನ ರಾಶಿ ಹತ್ತಿ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದ. ತೆರೆಯಿತು. ನಾವು ಯಾರೂ ಹೋಗಿ ಹಿಡಿಯಲಿಲ್ಲ. "ದೊಡ್ಡಮ್ಮ," ಅಂದ, "ಅವನಿಗೆ ನಿದ್ದೆ ಆಗಲಿ ಅಂತ."

"ಗೊತ್ತು," ಅಂದೆ.

ಪೊಲೀಸರು ಬಂದರು. ಬೀಗ ಹಾಕಿದವನು ಯಾರು ಅಂತ ಕೇಳಿ ದಿನೇಶನನ್ನು ಕರೆದುಕೊಂಡು ಹೊರಟರು. ಆಗ ಜಯಕರ, ಮುರಿದ ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮೆಸ್ಸಿನ ಬಾಗಿಲಲ್ಲಿ ಬಿದ್ದಿದ್ದವನು, ಅರಬಿಯಲ್ಲಿ ಕೂಗಿದ: ಎಲ್ಲ ಬೀಗವೂ ಹಾಗೆಯೇ, ಯಾಕೆ ಅಂತ ಇವನನ್ನು ಕೇಳಿ. ಕೈ ತೋರಿಸಿದ್ದು ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಶೇಖರಣ್ಣನ ಕಡೆಗೆ. ನಾನೂ ಹೇಳಿದೆ. ಶೇಖರಣ್ಣನಿಗೆ ಹೊಡೆದದ್ದು ಯಾರು ಅಂತ ಕೇಳಿದರು, ಅದನ್ನೂ ಹೇಳಿದೆ. ನನ್ನ ನರೆತ ತಲೆಯನ್ನೂ ಸಟ್ಟುಗವನ್ನೂ ನೋಡಿ ಒಬ್ಬ ಪೊಲೀಸ್ ಬರೆಯುವುದನ್ನು ನಿಲ್ಲಿಸಿದ. ದಿನೇಶನನ್ನು ಮರುದಿನ ಬಿಟ್ಟರು.

ಹಮೀದನ ಇಕಾಮಾ ರದ್ದಾಯಿತು, ಉಳ್ಳಾಲಕ್ಕೆ ಕಳಿಸಿದರು. ಲವೀನಾ ಬಾಯಿ ಬರೆದುಕೊಟ್ಟಿದ್ದಳು, ಜಗಳವನ್ನೂ ಮಾಡಿದಳು, ಆದರೂ ಕಫೀಲನಿಗೆ ಜೀಪೇ ದೊಡ್ಡದಾಯಿತು. ಆ ಜೀಪನ್ನು ಮಾತ್ರ ಅವಳು ತೆಗೆಯಲು ಬಿಡಲಿಲ್ಲ. ಅದರ ಮೇಲೆಯೇ ಮೊದಲಿನ ಎರಡರಷ್ಟು ಅಗಲಕ್ಕೆ ದಿಬ್ಬ ಕಟ್ಟಿಸಿದಳು. ಈಗಲೂ ಅಲ್ಲೇ ಒಳಗಿದೆ. ಶೇಖರಣ್ಣ ಕೆಲಸದಲ್ಲಿ ಉಳಿದ. ನೆತ್ತಿಯ ಮೇಲೆ ನನ್ನ ಸಟ್ಟುಗದ ಗುರುತು ಉಂಟು.

ಮೆಸ್ಸಿನ ಕೆಲಸ ನನಗೆ ಕಲಿಸಿದ್ದು ಇಷ್ಟು. ದಿಬ್ಬಕ್ಕೆ ತಗ್ಗು ಬೀಳುವುದು ಕಡಲಿನ ಕಡೆಯಿಂದ ಮಾತ್ರ ಅಲ್ಲ. ದುಡಿದು ಬಂದವನು ಹೆದರಿಕೊಂಡು ಮಲಗಬೇಕಾದ ಗತಿ ಬಂದರೆ ಅದೂ ಒಂದು ಓಣಿಯೇ, ನೀರು ಅಲ್ಲಿಂದಲೇ ಬರುತ್ತದೆ. ಇದನ್ನು ಯಾರಿಗಾದರೂ ಹೇಳಿ ಪ್ರಯೋಜನ ಇಲ್ಲ ಅಂತ ನಾನು ಒಂದು ಕೆಲಸ ಮಾಡಿದೆ. ಹೊರಗಿನಿಂದ ಬೀಗ ಹಾಕಿದವರಿಗೆ ಮೆಸ್ಸಿನಲ್ಲಿ ಊಟ ಇಲ್ಲ ಅಂದೆ. ಮತ್ತೆ ನನ್ನ ಮಣೆ, ಕತ್ತಿ, ಈರುಳ್ಳಿ ಬುಟ್ಟಿ ಎಲ್ಲ ತೆಗೆದುಕೊಂಡು ಹೋಗಿ ಸಿ ಲೈನಿನ ಎದುರು ಕೂತೆ. ಅಂದಿನಿಂದ ತರಕಾರಿ ಹೆಚ್ಚುವುದು ಅಲ್ಲಿಯೇ.

ಶೇಖರಣ್ಣ ಒಮ್ಮೊಮ್ಮೆ ಫೋನ್ ಹಿಡಿದುಕೊಂಡು ಬರುತ್ತಾನೆ. ಬೀಗವಿಲ್ಲದ ಬಾಗಿಲುಗಳನ್ನು ನೋಡುತ್ತಾನೆ, ನನ್ನನ್ನು ನೋಡುತ್ತಾನೆ.

"ಒಳಗೆ ಯಾರಿದ್ದಾರೆ ದೊಡ್ಡಮ್ಮ?"

"ಎಲ್ಲ ಇದ್ದಾರೆ. ಮಲಗಿದ್ದಾರೆ."

ಫೋನ್ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ದಿನೇಶ ಈಗ ರಾತ್ರಿ ಪಾಳಿ. ಕೊನೆಯ ಕೋಣೆಯಿಂದ ಅವನ ಗೊರಕೆ ಇಲ್ಲಿಯವರೆಗೆ ಕೇಳುತ್ತದೆ, ಕಲ್ಲಿನ ಗರಗರದ ಮೇಲೆ. ನಾನು ಈರುಳ್ಳಿ ಹೆಚ್ಚುತ್ತೇನೆ.